ಅವನ ಎಡಗಡೆಗೆ ಕೂತ್ಕೋ

ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿ ಸಂಕಟವಾಯ್ತು. "ನಿಮ್ಮ ದೊಡ್ಡಪ್ಪನ ಮಗನ ಜೊತೆ ಇನ್ನು ಇಸ್ಪೀಟು ಆಡಲ್ಲ ಕಣೋ, ಏನು ಆಡ್ತಾನೆ ಅಂತ ಅವನಿಗೇ ಗೊತ್ತಿಲ್ಲ" ಅಂದೆ. ಆಟ ಬಿಡಬೇಡ. ನಾನೂ ಎರಡು ವರ್ಷ ಅವನ ಕೈಲಿ ಸೋತವನೇ. ಈ ಯುಗಾದಿಗೆ ಒಂದಿಷ್ಟು ತಿಳಿಯಿತು, ಅದನ್ನ ನಿಧಾನವಾಗಿ ಹೇಳಬೇಕು ಅಂತಲೇ ಈ ಪತ್ರ.

ಗುಬ್ಬಿ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ಹಬ್ಬದ ದಿನ ಇಸ್ಪೀಟು ಆಡೋದು ಅಪ್ಪನ ಕಾಲದಿಂದಲೂ ಇದೆ. ಆಗ ರಮ್ಮಿ, ಈಗ ಹುಡುಗರು ಕಲಿಸಿದ ಪೋಕರ್: ಒಬ್ಬೊಬ್ಬರ ಕೈಗೆ ಎರಡೆಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದೆಲೆ, ಆ ಏಳರಲ್ಲಿ ಒಳ್ಳೇ ಐದು ಕೂಡಿಸಿದವನು ಗೆಲ್ತಾನೆ. ದುಡ್ಡಿಲ್ಲ. ತಲೆಗೆ 200 ಹುಣಸೆ ಬೀಜ, ಖಾಲಿಯಾದವನು ಎಲ್ಲರಿಗೂ ಎಳನೀರು ಕೆತ್ತಿಕೊಡಬೇಕು. ಮೊಬೈಲಲ್ಲಿ ದುಡ್ಡು ಕಟ್ಟಿ ಆಡೋದನ್ನ 2025ರ ಕೇಂದ್ರ ಕಾಯ್ದೆ ನಿಲ್ಲಿಸಿದ್ದು ಒಳ್ಳೇದೇ ಆಯ್ತು, ಆ ಸಾಲದಲ್ಲಿ ಮುಳುಗಿದ ಮನೆಗಳನ್ನ ನಾನು ಕಂಡಿದ್ದೀನಿ.

ನೀನು ಎಡವಿದ್ದು ಎಲ್ಲಿ ಗೊತ್ತಾ? ಅವನನ್ನ ಹೆದರಿಸೋಕೆ ಹೋಗಿದ್ದು. ಬ್ಲಫ್, ಅಂದ್ರೆ ಒಳ್ಳೇ ಎಲೆ ಇಲ್ಲದೆಯೂ ದೊಡ್ಡದಾಗಿ ಹಾಕಿ ಹೆದರಿಸೋದು, ನಡೆಯೋದು ಯೋಚನೆ ಮಾಡೋನ ಹತ್ತಿರ. ಇವನು ನಿನ್ನ ಕೈಯಲ್ಲಿ ಏನಿದೆ ಅಂತ ಕೇಳಿಕೊಳ್ಳೋದೇ ಇಲ್ಲ, ಇನ್ನು ಹೆದರೋದೆಲ್ಲಿ ಬಂತು? ಅವನ ಎದುರು ಬ್ಲಫ್ ಪೂರ್ತಿ ಬಿಟ್ಟುಬಿಡು. ಒಳ್ಳೇ ಎಲೆ ಬಂದಾಗ ಮಾತ್ರ ಮಾಮೂಲಿಗಿಂತ ಜಾಸ್ತಿ ಹಾಕು, ಹೇಗೂ ಅಷ್ಟೇ ಬೀಜ ಹಾಕಿ ಕಾಲ್ ಮಾಡ್ತಾನೆ.

ಹಬ್ಬದ ದಿನದ ಒಂದು ಕೈ, ಅಂದ್ರೆ ಒಂದು ಸುತ್ತಿನ ಆಟ, ಹೇಳ್ತೀನಿ. ನನ್ನ ಹತ್ತಿರ ಎಕ್ಕ, ಒಂಬತ್ತು. ನೆಲದ ಮೇಲೆ ರಾಜ, ಒಂಬತ್ತು, ನಾಲ್ಕು, ಎರಡು, ಆರು. ಅಂದ್ರೆ ನನಗೆ ಬರೀ ಒಂಬತ್ತರ ಜೋಡಿ. ಮಧ್ಯದಲ್ಲಿ 60 ಬೀಜ ಇತ್ತು, ಅವನು ಇನ್ನೂ 60 ತಳ್ಳಿದ. ಬೇರೆ ಯಾರೇ ಆಗಿದ್ರೂ ರಾಜ ಇರಬೇಕು ಅಂತ ಎಲೆ ಮಡಚಿಟ್ಟು ಆ ಕೈ ಬಿಟ್ಟುಕೊಡ್ತಿದ್ದೆ. ಆದರೆ ಲೆಕ್ಕ ನೋಡು. ನಾನು 60 ಹಾಕಿದ್ರೆ ಒಟ್ಟು 180, ಮೂರು ಸಲಕ್ಕೆ ಒಂದು ಸಲ ಗೆದ್ದರೂ ನಷ್ಟವಿಲ್ಲ. ಅವನಂಥವನ ಎದುರು ಅಷ್ಟು ಗ್ಯಾರಂಟಿ. ಹಾಕಿದೆ. ಅವನು ತೋರಿಸಿದ್ದು ರಾಣಿ, ಮೂರು. ಏನೂ ಇಲ್ಲ.

ಮುಂದಿನ ಗಂಟೆಯಲ್ಲೇ ನನ್ನ ಎಕ್ಕದ ಜೋಡಿಯನ್ನ ಏಳು, ಎರಡು ಇಟ್ಟುಕೊಂಡು ಹೊಡೆದ ಅನ್ನೋದನ್ನೂ ಹೇಳಬೇಕು. 221 ಕೈಗೆ ಒಂದು ಸಲ ಬರೋ ಜೋಡಿ ಅದು, ಹೊಟ್ಟೆ ಉರಿಯಿತು. ಆದರೆ ಯಾವುದೋ ಎರಡೆಲೆ ಹಿಡಿದವನೊಬ್ಬನ ಎದುರು ಎಕ್ಕದ ಜೋಡಿ ಗೆಲ್ಲೋದು 100ಕ್ಕೆ 85 ಸಲ, ಉಳಿದ 15 ಇಂಥವನಿಗೇ ಸೇರ್ತವೆ. ಅಂಥವರು ನಾಲ್ವರು ಕೊನೆತನಕ ನಿಂತರೆ ಅದೇ ಜೋಡಿ 56ರ ಹತ್ತಿರಕ್ಕೆ ಇಳಿಯುತ್ತೆ. ಅದಕ್ಕೇ ಅವನು ಶುರು ಮಾಡಿದ ತಕ್ಷಣ ನೀನು ದೊಡ್ಡದಾಗಿ ರೈಸ್ ಮಾಡಿ, ಅಂದ್ರೆ ಅವನಿಗಿಂತ ಜಾಸ್ತಿ ಬೀಜ ಹಾಕಿ, ಉಳಿದವರನ್ನ ಎಬ್ಬಿಸು, ಅವನೊಬ್ಬನೇ ಉಳೀಲಿ. ಇದು ಆಗಬೇಕಾದ್ರೆ ಅವನ ಎಡಗಡೆಗೆ ಕೂರಬೇಕು. ಆಟ ಅವನಾದ ಮೇಲೆ ನಿನ್ನ ಹತ್ತಿರ ಬರುತ್ತಲ್ಲ, ಅವನು ಏನು ಮಾಡಿದ ಅಂತ ನೋಡಿಯೇ ನೀನು ಬೀಜ ಮುಟ್ಟಬಹುದು. ನೀನು ಪ್ರತಿ ಸಲವೂ ಅವನ ಬಲಕ್ಕೆ ಕೂತಿದ್ದೆ.

ಇನ್ನೊಂದು ವಿಷಯ, ಯಾರಿಗೂ ಹೇಳಬೇಡ. ಅವನು ಸುಮ್ಮನೆ ಆಡುವಾಗ ಬೀಜವನ್ನ ಎಣಿಸೋದಿಲ್ಲ, ಮುಷ್ಟಿ ತುಂಬಿ ಸುರೀತಾನೆ. ನಿಜವಾಗಿ ಎಲೆ ಬಂದಾಗ, ಅಳಗುಳಿಮಣೆ ಗುಳಿಗೆ ತುಂಬೋ ಹಾಗೆ, ನಾಲ್ಕು ನಾಲ್ಕಾಗಿ ಎಣಿಸಿ ಇಡ್ತಾನೆ. ಆ ದಿನ ಮೂರು ಸಲ ಎಣಿಸಿದ, ಮೂರು ಸಲವೂ ಗೆದ್ದ. ಮೂರನೇ ಸಲ ನಾನು ಎರಡು ಜೋಡಿ ಇಟ್ಟುಕೊಂಡೂ ಮಡಚಿಟ್ಟೆ, ಅವನ ಹತ್ತಿರ ಮೂರು ಹತ್ತು ಇದ್ದವು.

ಸೋತ ಸಿಟ್ಟಿನಲ್ಲಿ ಮುಂದಿನ ಕೈಗೇ ವಾಪಸ್ ತಗೊಳ್ಳೋಕೆ ಹೋಗಬೇಡ ಕಣೋ. ನಿನ್ನ ಬೀಜ ಹೋಗಿದ್ದೆಲ್ಲ ಹಾಗೇ, ನಾನು ಪಕ್ಕದಲ್ಲೇ ಕೂತು ನೋಡಿದೆ. ಎದ್ದು ಹೋಗಿ ಬೋರ್‌ವೆಲ್ ನೀರಲ್ಲಿ ಮುಖ ತೊಳೆದು ಬಾ, ಎರಡು ಕೈ ಬಿಟ್ಟು ಕೂತ್ಕೋ.

ಶನಿವಾರ ಸಂಜೆ ಬಸ್ಸಿಗೆ ಬಾ. ಅವನ ಎಡಗಡೆ ಜಾಗಕ್ಕೆ ಟವೆಲ್ ಹಾಕಿಟ್ಟಿರ್ತೀನಿ.

ನಿನ್ನ ಗೆಳೆಯ