ಹೆಬ್ಬೆಟ್ಟು ಒತ್ತಿಸುವ ಮುಂಚೆ: ಗೆಳೆಯನಿಗೊಂದು ಪತ್ರ

ವಿಜಯಪುರ

ಪ್ರೀತಿಯ ದೋಸ್ತ,

ನಿನ್ನ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಸುವ ಎಂಎಸ್ಸಿ ಮೆಡಿಕಲ್ ಫಿಸಿಯಾಲಜಿಗೆ ಸೇರಿ ಮೂರು ತಿಂಗಳಾಯಿತು, ಓದುವುದರ ಜೊತೆಗೆ ಇನ್ನೇನು ಕಲಿಯಬೇಕು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನು ಒಪ್ಪಿದ್ದರಿಂದ ಬೇರೆಯವರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ.

ಮೊದಲು ಮಾತಿನ ವಿಷಯ. ಉಸಿರಿನ ಶಕ್ತಿ ಅಳೆಯುವ ಯಂತ್ರ ಸ್ಪೈರೋಮೀಟರ್ ಮುಂದೆ ಕೂತವರು ಎದೆ ತುಂಬ ಉಸಿರು ಎಳೆದು, ಒಮ್ಮೆಲೇ ಜೋರಾಗಿ ಬಿಟ್ಟು, ಪೂರ್ತಿ ಖಾಲಿಯಾಗುವ ತನಕ ಊದುತ್ತಲೇ ಇರಬೇಕು. ಅವರು ಹಾಗೆ ಊದದಿದ್ದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಅಂಕಿ ಸುಳ್ಳು. ಊದಿಸಬೇಕಾದವರು ನಾವು. ಮೊದಲ ವರ್ಷ ನಾನು "ದೀರ್ಘವಾಗಿ ಶ್ವಾಸ ತೆಗೆದುಕೊಂಡು ಬಲವಾಗಿ ಹೊರಹಾಕಿ" ಅನ್ನುತ್ತಿದ್ದೆ. ಬಬಲೇಶ್ವರ ಕಡೆಯ ಒಬ್ಬ ಅಜ್ಜ ನನ್ನ ಮುಖವನ್ನೇ ನೋಡಿದರು. ಮೆಲ್ಲಗೆ ಒಂದು ಉಸಿರು ಬಿಟ್ಟು ಸುಮ್ಮನಾದರು. ಅವರ ಶ್ವಾಸಕೋಶಕ್ಕೆ ಏನೋ ಆಗಿದೆ ಅನ್ನುವ ಹಾಗೆ ವರದಿ ಬಂತು.

ಆಗ ಲ್ಯಾಬಿನ ಟೆಕ್ನಿಷಿಯನ್ ಅಕ್ಕ ಬಂದರು. "ಯಜ್ಜಾ, ಉಸುರ ಜಗ್ಗಿ ಒಳಗ ತಗೋರಿ. ಹಾಂ, ಈಗ ಒಮ್ಮೆಲೇ ಬಿಡ್ರಿ. ಊದ್ರಿ, ಊದ್ರಿ, ಇನ್ನೂ ಊದ್ರಿ, ನಿಂದರಬ್ಯಾಡ್ರಿ!" ಹೇಳುತ್ತಾ ತಾವೂ ಊದಿ ತೋರಿಸಿದರು. ಮೂರನೇ ಸಲಕ್ಕೆ ಗೆರೆ ಸರಿಯಾಗಿ ಬಂತು. ಅಜ್ಜನ ಉಸಿರು ಚೆನ್ನಾಗಿಯೇ ಇತ್ತು. ಅವತ್ತಿನಿಂದ ನಾನು ಪ್ರತಿ ಪರೀಕ್ಷೆಯ ಮಾತನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳುತ್ತಿದ್ದೆ. ನೀನೂ ಮಾಡು. ಎಲ್ಲಿ ಪುಸ್ತಕದ ಕನ್ನಡ ನುಗ್ಗುತ್ತದೆ ಅಂತ ತಾನೇ ಗೊತ್ತಾಗುತ್ತದೆ.

ಸುಮ್ಮನಿರುವುದನ್ನೂ ಕಲಿಯಬೇಕು. ಬಿಪಿ ನೋಡುವಾಗ ಮಾತಾಡಿಸಿದರೆ ಅಂಕಿ ಏರುತ್ತದೆ. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸು. ಬೆನ್ನಿಗೆ ಆಸರೆ ಇರಲಿ, ತೋಳು ಎದೆಯ ಮಟ್ಟದಲ್ಲಿರಲಿ. ನಿನಗೂ ಗೊತ್ತು, ಅಲ್ವಾ? ಆದರೆ ಹೊರಗೆ ನಲವತ್ತು ಜನ ಕಾಯುತ್ತಿದ್ದಾಗ ಆ ಐದು ನಿಮಿಷವನ್ನೇ ಮೊದಲು ನುಂಗುತ್ತೇವೆ.

ಇನ್ನೊಂದು ಹೇಳಬೇಕು. ಒಂದು ಶಿಬಿರದಲ್ಲಿ ನಾನು ಬರೆದ ಬಿಪಿ ಅಂಕಿಗಳನ್ನು ನಮ್ಮ ಗೈಡ್ ಬೆರಳಿಟ್ಟು ನೋಡಿದರು. 120, 130, 110, 140. "ಇವರೆಲ್ಲರ ಬಿಪಿ ಸೊನ್ನೆಗೇ ಬಂದು ನಿಲ್ಲುತ್ತದೇನು?" ಅಂದರು. ಪಾದರಸದ ಮಾಪಕದಲ್ಲಿ 2 ಮಿಲಿಮೀಟರಿಗೊಂದು ಗೆರೆ ಇದೆ. ನಾನು ಅವಸರದಲ್ಲಿ ಹತ್ತಿರದ ಸೊನ್ನೆಗೆ ತಂದು ಬರೆದಿದ್ದೆ. ಮೋಸ ಮಾಡುವ ಮನಸ್ಸು ಇರಲಿಲ್ಲ. ಆದರೂ ಕಿವಿಗೆ ಕೇಳಿದ್ದು ಒಂದು, ಕೈ ಬರೆದದ್ದು ಇನ್ನೊಂದು. ಆ ಹಾಳೆಯನ್ನು ಬಳಸಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಈಗ ನಿನಗೆ ನಿಜವಾಗಿ ಹೇಳಬೇಕು ಅಂತಿದ್ದ ಮಾತು. ಇಳಕಲ್ ಕಡೆ ಗ್ರಾನೈಟ್ ಕಲ್ಲು ಕೊಯ್ಯುವವರ ಉಸಿರಿನ ಶಕ್ತಿ ಅಳೆಯುವುದು ನನ್ನ ಥೀಸಿಸ್ ಆಗಿತ್ತು. ಆ ದೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಜನರ ಮೇಲೆ ನಡೆಸುವ ಅಧ್ಯಯನ ಸರಿಯಿದೆಯೇ ಅಂತ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಿಕ್ಕಿತ್ತು. ಕೆಲಸಗಾರರು ಒಪ್ಪಿಗೆ ಕೊಡುವ ಫಾರಂ ಸಿದ್ಧ ಇತ್ತು. ನಾನು ಹೋಗುವಷ್ಟರಲ್ಲಿ ಮಾಲಕರು ಹನ್ನೆರಡು ಮಂದಿಯನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಮೊದಲನೆಯವರು ಹೆಬ್ಬೆಟ್ಟು ಮುಂದೆ ಚಾಚಿ "ಎಲ್ಲಿ ಒತ್ತಬೇಕ್ರಿ?" ಅಂದರು. ನಾನು ಜಾಗ ತೋರಿಸಿಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ನೆನಪಾದ. ಜೀರ್ಣಕ್ರಿಯೆಯ ಪಾಠದಲ್ಲಿ ಅವನ ಹೆಸರು ನೀನೂ ಕೇಳುತ್ತೀಯ. ಅವನೂ ಕೂಲಿಯವನೇ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಗುಂಡು ತಗುಲಿತು. ಬದುಕಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಅವನನ್ನು ಉಳಿಸಿದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆಹಾರದ ತುಣುಕುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನೊಳಗೆ ಇಳಿಸಿದ. ಎಳೆದು ನೋಡಿದ, ಮತ್ತೆ ಇಳಿಸಿದ. ಹೊಟ್ಟೆಯ ರಸ ಆಹಾರವನ್ನು ಹೇಗೆ ಕರಗಿಸುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದು ಹಾಗೆ. ಓದು ಬಾರದ ಮಾರ್ಟಿನ್ ಬೋಮಾಂಟ್ ಜೊತೆಗಿನ ಕರಾರಿಗೆ ಸಹಿಯ ಬದಲು ಒಂದು ಗುರುತು ಹಾಕಿದ್ದ. 1880ರಲ್ಲಿ ಅವನು ಸತ್ತಾಗ ಮನೆಯವರು ಹೆಣ ಕೊಳೆಯುವ ತನಕ ಕಾದು ಆಳವಾದ ಗುಂಡಿಯಲ್ಲಿ ಹೂತರು. ಮತ್ತೆ ಯಾವ ಡಾಕ್ಟರೂ ಆ ದೇಹ ಮುಟ್ಟಬಾರದು ಅಂತ. ಆ ಮನೆಯವರ ಸಿಟ್ಟು ನನಗೆ ಅವತ್ತು ರಾತ್ರಿ ಅರ್ಥವಾಯಿತು.

ಮರುದಿನ ಗೈಡ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಆ ಹನ್ನೆರಡು ಫಾರಂ ಬದಿಗಿಟ್ಟೆವು. ರಜೆಯ ದಿನ ಕೆಲಸಗಾರರ ಮನೆಗಳಿಗೇ ಹೋದೆ. ಓದು ಬಾರದವರಿದ್ದರೆ ನಮಗೂ ಮಾಲಕರಿಗೂ ಸಂಬಂಧ ಇಲ್ಲದ ಸಾಕ್ಷಿಯೊಬ್ಬರು ಇರಲೇಬೇಕು. ಅಧ್ಯಯನಕ್ಕೆ ಸಂಬಂಧ ಇಲ್ಲದ ಸಾಕ್ಷಿ ಬೇಕು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಪಕ್ಕದ ಮನೆಯ ಓದು ಬಲ್ಲವರನ್ನು ಕೂರಿಸಿಕೊಂಡು ಒಂದೊಂದೇ ಸಾಲು ಓದಿದೆ. ಹೆಬ್ಬೆಟ್ಟು ಚಾಚಿದ್ದವರೇ ಕೇಳಿದರು: "ಇದರಾಗ ಖರಾಬ್ ಬಂದ್ರ ಮಾಲಕಗ ಹೇಳ್ತೀರೇನ್ರಿ? ಕೆಲಸದಿಂದ ತೆಗದ್ರ?"

ಇಷ್ಟು ದೊಡ್ಡ ಪ್ರಶ್ನೆಗೆ ನನ್ನ ಫಾರಂನಲ್ಲಿ ಇದ್ದದ್ದು "ಗೌಪ್ಯತೆ ಕಾಪಾಡಲಾಗುವುದು" ಅನ್ನುವ ಒಂದು ಸಾಲು. ಅದನ್ನು ತೆಗೆದು "ನಿಮ್ಮ ಫಲಿತಾಂಶ ನಿಮಗೆ ಮಾತ್ರ ಹೇಳುತ್ತೇವೆ. ಮಾಲಕರಿಗೆ ಹೇಳುವುದಿಲ್ಲ. ತೊಂದರೆ ಕಂಡರೆ ಡಾಕ್ಟರ ಹತ್ತಿರ ಕಳಿಸುತ್ತೇವೆ. ಬೇಡ ಅಂದರೂ ನಡೆಯುತ್ತದೆ" ಅಂತ ಬರೆದೆ. ತಿದ್ದಿದ್ದನ್ನು ಮತ್ತೆ ಕಮಿಟಿಗೆ ಕೊಟ್ಟು ಕಾದೆ. ಕೆಲಸ ತಡವಾಯಿತು. ನಾಲ್ಕು ಮಂದಿ ಬೇಡ ಅಂದರು. ಅವರು ಬೇಡ ಅನ್ನಬಹುದಾಗಿತ್ತಲ್ಲ, ಅದು ನನಗೆ ಬಹಳ ಸಮಾಧಾನ ಕೊಟ್ಟಿತು.

ನಿನ್ನ ಡಿಪಾರ್ಟ್‌ಮೆಂಟಿನಲ್ಲೂ ಇದು ಬರುತ್ತದೆ. ಐಸ್ ನೀರಿನಲ್ಲಿ ಕೈ ಇಡಿಸಿ ಬಿಪಿ ಎಷ್ಟು ಏರುತ್ತದೆ ಅಂತ ನೋಡುವ ಕೋಲ್ಡ್ ಪ್ರೆಸರ್ ಪರೀಕ್ಷೆಗೆ ಜೂನಿಯರ್‌ಗಳನ್ನು ಕರೆದರೆ, ಸೀನಿಯರ್ ಅನ್ನುವ ಭಯಕ್ಕೇ ಬರುತ್ತಾರೆ. ಕೈ ಯಾವಾಗ ಬೇಕಾದರೂ ತೆಗೆಯಬಹುದು ಅಂತ ಮೊದಲೇ ಹೇಳು. ತೆಗೆದರೆ ಮುಖ ಸಿಂಡರಿಸಬೇಡ.

ಕೆಲಸದ ಬಗ್ಗೆ ಜಾಸ್ತಿ ಚಿಂತೆ ಮಾಡುತ್ತಿದ್ದೀಯ. ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಲ್ಲಿ ಪಾಠ ಮಾಡಬಹುದು, ಪಿಎಚ್‌ಡಿ ಇದೆ. ಉಸಿರಿನ ಲ್ಯಾಬ್, ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮತ್ತು ನರ ಪರೀಕ್ಷೆ ಲ್ಯಾಬ್, ನಿದ್ದೆಯ ಲ್ಯಾಬ್, ಔಷಧ ಪ್ರಯೋಗಗಳ ಸಂಯೋಜಕರ ಕೆಲಸವೂ ಇವೆ. ಎಂಎಸ್ಸಿಯವರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ನಿಯಮ ಈ ಕೆಲವು ವರ್ಷಗಳಲ್ಲಿ ಬದಲಾಗಿದೆ. ಅವರಿವರ ಮಾತು ನಂಬದೆ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಆದೇಶವನ್ನೇ ಓದು. ಸ್ಟ್ಯಾಟಿಸ್ಟಿಕ್ಸ್ ಈಗಲೇ ಶುರು ಮಾಡು, ಕೊನೆಯ ವರ್ಷಕ್ಕೆ ಇಡಬೇಡ. ವಾರಕ್ಕೊಮ್ಮೆ ಒಂದು ವಿಷಯವನ್ನು ಸ್ಲೈಡ್ ಇಲ್ಲದೆ, ಸೀಮೆಸುಣ್ಣ ಹಿಡಿದು ಹತ್ತು ನಿಮಿಷ ಹೇಳು. ಇಂಟರ್‌ವ್ಯೂನಲ್ಲಿ ನನ್ನ ಕೈ ಹಿಡಿದದ್ದು ಅದೇ.

ಸಂಕ್ರಮಣಕ್ಕೆ ಊರಿಗೆ ಬರುತ್ತೀಯಲ್ಲ, ನಿನ್ನ ಥೀಸಿಸ್ಸಿನ ಒಪ್ಪಿಗೆ ಪತ್ರದ ಕನ್ನಡ ಕರಡು ತಗೊಂಡು ಬಾ. ನಮ್ಮ ಅವ್ವನ ಮುಂದೆ ಕೂತು ಓದೋಣ. ಅವ್ವ ಎಲ್ಲೆಲ್ಲಿ "ಹಂಗಂದ್ರ?" ಅಂತ ತಡೆಯುತ್ತಾಳೋ ಅಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳೋಣ.

ನಿನ್ನ ದೋಸ್ತ