ಅತಿಥಿಗಳ ವೈಫೈ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಮಹಡಿಯ ಕೋಣೆಗೆ ಸಿಗ್ನಲ್ ಸಾಲದೆಂದು ಹಳೆಯ ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಿ ಅದನ್ನು ವೈಫೈ ಹರಡುವ ಎರಡನೆಯ ಆಕ್ಸೆಸ್ ಪಾಯಿಂಟ್ ಮಾಡಿಕೊಂಡೆನೆಂದೂ, ಬಂದವರಿಗೆಂದು ಅದರಲ್ಲೇ ಬೇರೆ ಹೆಸರಿನ ವೈಫೈ ಇಟ್ಟೆನೆಂದೂ ನೀನು ಹೇಳಿದಾಗ ಹೆಮ್ಮೆಯೆನಿಸಿತು. ಆದರೆ "ಪಾಸ್‌ವರ್ಡ್ ಬೇರೆ ಇದೆಯಲ್ಲ ಅಮ್ಮ, ಇನ್ನೇನು" ಎಂದು ನೀನು ಕೊನೆಗೆ ಸೇರಿಸಿದ ಮಾತು ಮನಸ್ಸಿನಿಂದ ಹೋಗಲಿಲ್ಲ. ಫೋನಿನಲ್ಲಿ ಹೇಳಹೊರಟರೆ ಅರ್ಧ ಬಿಟ್ಟುಹೋಗುವ ವಿಷಯವಾದ್ದರಿಂದ ಬರೆಯುತ್ತಿದ್ದೇನೆ.

ಇದೇ ನಂಬಿಕೆಯಲ್ಲಿ ನಾನೂ ಹಲವು ತಿಂಗಳು ನಿಶ್ಚಿಂತೆಯಾಗಿದ್ದೆ. ಒಮ್ಮೆ ಮನೆಗೆ ಬಂದ ಗೆಳತಿಯೊಬ್ಬರು ಅತಿಥಿ ವೈಫೈಗೆ ಸೇರಿ, ಲ್ಯಾಪ್‌ಟಾಪ್ ತೆರೆದು, "ಇದು ನಿಮ್ಮ ಪ್ರಿಂಟರೇ?" ಎಂದು ಕೇಳಿದರು. ಇಣುಕಿ ನೋಡಿದರೆ ಪ್ರಿಂಟರಿನ ಕೆಳಗೇ ನಾವು ಮನೆಯ ಕಾಗದಪತ್ರಗಳನ್ನು ಇಟ್ಟಿದ್ದ ಫೋಲ್ಡರ್ ಕೂಡ ಕಾಣಿಸುತ್ತಿತ್ತು. ಬಾಗಿಲು ಎರಡಿದ್ದರೂ ಒಳಗಿನ ಅಂಗಳ ಒಂದೇ ಆಗಿತ್ತು.

ಕಾರಣ ಹೀಗಿದೆ. ಮುಖ್ಯ ರೂಟರಿನಲ್ಲಿ ಅತಿಥಿ ವೈಫೈ ತೆರೆದರೆ, ಮನೆಗೆ ಹೋಗುವ ದಾರಿಯೂ ಇಂಟರ್ನೆಟ್‌ಗೆ ಹೋಗುವ ದಾರಿಯೂ ಕೂಡುವ ಸ್ಥಳದಲ್ಲಿ ಅದೇ ಕುಳಿತಿರುವುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯಲು ಅದಕ್ಕೆ ಸಾಧ್ಯ. ಆಕ್ಸೆಸ್ ಪಾಯಿಂಟ್ ಬರಿಯ ಸೇತುವೆ. ಗಾಳಿಯಲ್ಲಿ ಬಂದದ್ದನ್ನು ತಂತಿಗೆ ಇಳಿಸುವುದಷ್ಟೇ ಅದರ ಕೆಲಸ. ಎರಡು ಹೆಸರಿನ ವೈಫೈಗಳೂ ಒಂದೇ ಕೇಬಲ್ಲಿಗೆ ಇಳಿದ ಮೇಲೆ, ಯಾವ ಮಾಹಿತಿ ಯಾವ ಹೆಸರಿನಿಂದ ಬಂತೆಂದು ಹೇಳುವ ಗುರುತು ಅದರ ಮೇಲೆ ಉಳಿದಿರುವುದಿಲ್ಲ.

ಆ ಗುರುತನ್ನು ಹಚ್ಚುವ ಕ್ರಮವೇ ವಿಲ್ಯಾನ್. 1998ರ 802.1ಕ್ಯೂ ಎಂಬ ಮಾನದಂಡದಂತೆ ತಂತಿಯಲ್ಲಿ ಹೋಗುವ ಮಾಹಿತಿಯ ಪ್ರತಿ ತುಂಡಿಗೂ, ಅಂದರೆ ಫ್ರೇಮಿಗೂ, 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರೊಳಗೆ 1ರಿಂದ 4094ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಅತಿಥಿಗಳಿಗೆಂದು ಕೊಡಬಹುದು. ಅಚ್ಚುಕಟ್ಟಾದ ದಾರಿ ಇದೇ. ಆದರೆ ಮುಖ್ಯ ರೂಟರಿಗೂ ನಡುವೆ ಕೇಬಲ್ಲುಗಳನ್ನು ಕೂಡಿಸುವ ಸ್ವಿಚ್ಚಿಗೂ ಆ ಟ್ಯಾಗ್ ಅರ್ಥವಾಗಬೇಕು. ನಿನ್ನ ಮುಖ್ಯ ರೂಟರಿನಲ್ಲಿ ಆ ಸೌಲಭ್ಯವೇ ಇಲ್ಲವೆಂದು ನೀನೇ ಹೇಳಿದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಉಳಿದ ದಾರಿಯೆಂದರೆ, ಅತಿಥಿಗಳ ಮಟ್ಟಿಗೆ ಮಾತ್ರ ಆ ಆಕ್ಸೆಸ್ ಪಾಯಿಂಟೇ ರೂಟರಿನ ಕೆಲಸವನ್ನೂ ಮಾಡುವುದು. ನಿನ್ನ ಮನೆಯ ವಿಳಾಸಗಳು 192.168.1 ಎಂದು ಆರಂಭವಾಗುತ್ತವೆಯಾದ್ದರಿಂದ, ಅತಿಥಿಗಳಿಗೆಂದು ಬೇರೆ ಇಂಟರ್‌ಫೇಸ್ (ಆಕ್ಸೆಸ್ ಪಾಯಿಂಟಿನೊಳಗೆ ಅವರದೇ ನೆಟ್‌ವರ್ಕಿನ ತುದಿ) ಮಾಡಿ ಅದಕ್ಕೆ 192.168.3.1 ಎಂಬ ವಿಳಾಸ ಕೊಡು, ಅತಿಥಿ ವೈಫೈಯನ್ನು ಮನೆಯ ಸೇತುವೆಯಿಂದ ತೆಗೆದು ಅದಕ್ಕೆ ಜೋಡಿಸು, ಅಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಚಾಲೂ ಮಾಡು. ಯಾವುದು ಎಲ್ಲಿಗೆ ಹೋಗಬಹುದೆಂದು ತೀರ್ಮಾನಿಸುವ ಫೈರ್‌ವಾಲ್‌ನಲ್ಲಿ ಆ ಇಂಟರ್‌ಫೇಸಿಗೆ ಬೇರೆ ಜೋನ್ (ಒಂದೇ ನಿಯಮಗಳಿಗೆ ಒಳಪಟ್ಟ ಗುಂಪು) ಮಾಡಿ, ಅಲ್ಲಿಂದ ಮನೆಯ ಕಡೆಯ ಜೋನ್‌ಗೆ ಹಾದುಹೋಗಲು ಬಿಡು. 192.168.3 ಎಂಬುದು ಎಲ್ಲಿದೆಯೆಂದು ಮುಖ್ಯ ರೂಟರಿಗೆ ತಿಳಿಯದಿರುವುದರಿಂದ ಅದರ ಉತ್ತರಗಳು ಅತಿಥಿಗಳಿಗೆ ಮರಳಿ ಬಾರವು; ಹೀಗಾಗಿ ಹೊರಟ ಮಾಹಿತಿಯ ಮೇಲೆ ಕಳುಹಿಸಿದವರ ಜಾಗದಲ್ಲಿ ಆಕ್ಸೆಸ್ ಪಾಯಿಂಟ್ ತನ್ನದೇ ವಿಳಾಸ ಬರೆದು ಕಳುಹಿಸುವಂತೆ, ಮನೆಯ ಕಡೆಯ ಫೈರ್‌ವಾಲ್ ಜೋನ್‌ನಲ್ಲಿ ಮಾಸ್ಕರೇಡಿಂಗ್ ಗುರುತು ಹಾಕಬೇಕು. ಆಕ್ಸೆಸ್ ಪಾಯಿಂಟಿಗೂ ಗೇಟ್‌ವೇ (ಹೊರಗೆ ದಾರಿ ಕೊಡುವ ಮುಖ್ಯ ರೂಟರ್) ಮತ್ತು ಡಿಎನ್‌ಎಸ್ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ವಿಳಾಸಗಳನ್ನು ತುಂಬಿರಬೇಕು. ಇದು ಮರೆತುಹೋಗಿಯೇ ನನ್ನ ಒಂದು ಸಂಜೆ ಹಾಳಾಯಿತು. ಇದೆಲ್ಲವನ್ನೂ ಕೇಬಲ್ ಹಾಕಿಕೊಂಡೇ ಮಾಡು, ಇಲ್ಲದಿದ್ದರೆ ನಡುವೆ ನೀನೇ ಹೊರಗುಳಿಯುವೆ.

ಇಷ್ಟಾದ ಕೂಡಲೇ ಅತಿಥಿಗಳಿಗೆ ಇಂಟರ್ನೆಟ್ ಬರುತ್ತದೆ, ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಈ ಜೋಡಣೆಯಲ್ಲಿ ಇಂಟರ್ನೆಟ್‌ಗೆ ಹೋಗುವ ದಾರಿ ನಿನ್ನ ಮನೆಯ ನೆಟ್‌ವರ್ಕಿನ ಮೂಲಕವೇ ಹಾದುಹೋಗುತ್ತದೆ. ತಡೆಯದಿದ್ದರೆ ಅತಿಥಿಯ ಫೋನು ಪ್ರಿಂಟರನ್ನು ಮೊದಲಿನಷ್ಟೇ ಸುಲಭವಾಗಿ ತಲುಪುತ್ತದೆ, ಪ್ರಿಂಟರಿಗಾದರೋ ಆಕ್ಸೆಸ್ ಪಾಯಿಂಟೇ ಮಾತನಾಡಿಸಿದಂತೆ ತೋರುತ್ತದೆ. ಆದ್ದರಿಂದ ಅತಿಥಿ ಜೋನ್‌ನಿಂದ ಖಾಸಗಿ ವಿಳಾಸಗಳಿಗೆ (ಮನೆ, ಕಚೇರಿಗಳ ಒಳಗಷ್ಟೇ ಬಳಸುವ ವಿಳಾಸಗಳಿಗೆ) ಹೋಗುವುದೆಲ್ಲವನ್ನೂ ತಿರಸ್ಕರಿಸುವ ನಿಯಮ ಬೇಕು. 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆಯಲ್ಲಿ ಹೇಳಿರುವ ಮೂರು ಗುಂಪುಗಳು ಇವು: 10.0.0.0/8, 172.16.0.0/12, 192.168.0.0/16.

ಇಲ್ಲಿ ನಿನಗೊಂದು ಅನುಮಾನ ಬಂದೇ ಬರುತ್ತದೆ. ಮುಖ್ಯ ರೂಟರಿನ ವಿಳಾಸ 192.168.1.1, ಅದನ್ನೂ ತಡೆದುಬಿಟ್ಟರೆ ಅತಿಥಿಗಳ ಇಂಟರ್ನೆಟ್ ನಿಂತುಹೋಗದೇ? ಹೋಗುವುದಿಲ್ಲ. ಅಂಚೆಯಣ್ಣನ ಕೈಗೆ ಕಾಗದ ಕೊಡುವಾಗ ಲಕೋಟೆಯ ಮೇಲೆ ನಾವು ಅವನ ಮನೆಯ ವಿಳಾಸ ಬರೆಯುವುದಿಲ್ಲವಷ್ಟೇ. ದೂರದ ತಾಣಕ್ಕೆ ಹೊರಟ ಪ್ಯಾಕೆಟ್ಟಿನ ಮೇಲೆ ಇರುವುದು ಆ ತಾಣದ ಐಪಿ ವಿಳಾಸ; ಮುಖ್ಯ ರೂಟರನ್ನು ಹಾದುಹೋಗುವಾಗಲೂ ಆ ರೂಟರಿನ ಐಪಿ ವಿಳಾಸ ಗಮ್ಯಸ್ಥಾನವಾಗಿ ಅದರಲ್ಲಿ ಬರೆದಿರುವುದೇ ಇಲ್ಲ. ನಿಲ್ಲುವುದು ಡಿಎನ್‌ಎಸ್ ಮಾತ್ರ, ಅದೂ ಅತಿಥಿಗಳಿಗೆ ನೀನು 192.168.1.1 ಅನ್ನೇ ಡಿಎನ್‌ಎಸ್ ಎಂದು ಕೊಟ್ಟಿದ್ದರೆ. ಅದರ ಬದಲು 192.168.3.1 ಕೊಡು, ಆಕ್ಸೆಸ್ ಪಾಯಿಂಟ್ ಅವರ ಪರವಾಗಿ ತಾನೇ ಮುಖ್ಯ ರೂಟರನ್ನು ಕೇಳಿ ಹೇಳುತ್ತದೆ.

ಆಕ್ಸೆಸ್ ಪಾಯಿಂಟಿನ ಸೆಟ್ಟಿಂಗ್ ಪುಟವೂ ಅತಿಥಿಗಳಿಗೆ ತೆರೆಯಬಾರದು. ಅತಿಥಿ ಜೋನ್‌ನ ಇನ್‌ಪುಟ್ (ಆಕ್ಸೆಸ್ ಪಾಯಿಂಟಿಗೇ ಉದ್ದೇಶಿಸಿ ಬರುವುದು) ತಿರಸ್ಕಾರಕ್ಕಿಟ್ಟು, ಡಿಎಚ್‌ಸಿಪಿಗೆ 67ನೆಯ ಪೋರ್ಟನ್ನೂ (ಪೋರ್ಟ್ ಎಂದರೆ ಒಂದು ಸೇವೆಗೆ ಕೊಟ್ಟ ಸಂಖ್ಯೆ) ಡಿಎನ್‌ಎಸ್‌ಗೆ 53ನೆಯ ಪೋರ್ಟನ್ನೂ ಮಾತ್ರ ಬಿಡು. ಅತಿಥಿಗಳ ಫೋನುಗಳು ಒಂದನ್ನೊಂದು ಕಾಣದಂತೆ ಕ್ಲೈಂಟ್ ಐಸೊಲೇಶನ್ ಹಾಕು. ಈವರೆಗೆ ಹೇಳಿದ ಹಳೆಯ ಬಗೆಯ ವಿಳಾಸಗಳಾದ ಐಪಿವಿ4ಕ್ಕೆ ಬರೆದ ನಿಯಮ ಹೊಸ ಬಗೆಯ ಐಪಿವಿ6ಕ್ಕೆ ಅನ್ವಯಿಸದ ಕಾರಣ, ಅತಿಥಿ ಇಂಟರ್‌ಫೇಸಿನಲ್ಲಿ ಐಪಿವಿ6 ಹಂಚುವುದನ್ನೇ ನಿಲ್ಲಿಸಿಬಿಡುವುದು ಸುಲಭ.

ಪರೀಕ್ಷೆಯನ್ನು ಮಾತ್ರ ನಿನ್ನ ಮೇಜಿನಿಂದ ಮಾಡಬೇಡ, ಅತಿಥಿಯ ಜಾಗದಲ್ಲಿ ನಿಂತು ಮಾಡು. ಫೋನಿನ ಮೊಬೈಲ್ ಡೇಟಾ ಆಫ್ ಮಾಡು. ಇಲ್ಲವಾದರೆ ವೈಫೈ ಕೆಟ್ಟಿದ್ದರೂ ತಾಣಗಳು ತೆರೆದು ನಿನ್ನನ್ನು ಏಮಾರಿಸುತ್ತವೆ. ಅತಿಥಿ ವೈಫೈಗೆ ಸೇರಿದ ಮೇಲೆ ಸಿಕ್ಕ ವಿಳಾಸ 192.168.3 ಎಂದು ಆರಂಭವಾಗಿದೆಯೇ ನೋಡು. ಹೊರಗಿನ ಯಾವುದಾದರೂ ತಾಣ ತೆರೆಯಬೇಕು; 192.168.1.1, 192.168.3.1 ಮತ್ತು ಪ್ರಿಂಟರಿನ ಪುಟ, ಈ ಮೂರೂ ತೆರೆಯಬಾರದು. "ಇದ್ದೀಯಾ" ಎಂದು ಇನ್ನೊಂದು ಯಂತ್ರವನ್ನು ಕೇಳುವ ಪಿಂಗ್‌ಗೆ ಉತ್ತರ ಬರಲಿಲ್ಲವೆಂದಷ್ಟಕ್ಕೇ ತೃಪ್ತಳಾಗಬೇಡ, ಪಿಂಗ್ ನಿಂತರೂ ಪುಟ ತೆರೆಯುವುದುಂಟು.

ಮುಂದಿನ ಸಲ ನಾನು ಬಂದಾಗ ನನಗೂ ಅತಿಥಿ ಪಾಸ್‌ವರ್ಡನ್ನೇ ಕೊಡು. ಕೈಕಾಲು ತೊಳೆದ ಮೇಲೆ ನಾನು ಮಾಡುವ ಮೊದಲ ಕೆಲಸ ನಿನ್ನ ಪ್ರಿಂಟರನ್ನು ಹುಡುಕುವುದು.

ಇತಿ,
ನಿನ್ನ ಅಮ್ಮ