ಪದ್ಮಿನಿ ಕೆಲಸ: ಈ ಭಾನುವಾರ ಸ್ಪ್ಯಾನರ್ ಬೇಡ

ಗೆಳೆಯರೇ, ನಮ್ಮ 1974ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಪಾರ್ಟ್ಸ್ ಗಾಡಿ (ಬಿಡಿಭಾಗಕ್ಕಾಗಿ ಬಿಚ್ಚುವ ಇನ್ನೊಂದು ಗಾಡಿ) ಸಿಕ್ಕಿದೆ, ಶೆಡ್‌ಗೂ ಬಂದಿದೆ. ಭಾನುವಾರ ಬೆಳಿಗ್ಗೆ 9ಕ್ಕೆ ಸೇರೋಣ. ಆದರೆ ಅಂದು ಏನೂ ಬಿಚ್ಚುವುದಿಲ್ಲ. ನೋಡಿ, ಫೋಟೊ ತೆಗೆದು, ಬರೆದುಕೊಳ್ಳುವುದಷ್ಟೇ.

ನಮ್ಮ ಗಾಡಿಯಲ್ಲಿ ಡ್ರೈವರ್ ಕಾಲಡಿಯ ತಗಡು ಪೂರ್ತಿ ತುಕ್ಕು. ಮ್ಯಾಟ್ ಎತ್ತಿದರೆ ನೆಲ ಕಾಣುತ್ತದೆ! ಇದಕ್ಕೆ ಬೇರೆ ಚಾಸಿ (ಭಾರ ಹೊರುವ ಅಡಿ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ತಗಡು ಕೊಯ್ಯುವ ಮೊದಲು ಬಾಗಿಲ ಸಂದುಗಳನ್ನು ಅಳೆದು, ಒಳಗೆ ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕು. ಇಲ್ಲದಿದ್ದರೆ ಬಾಡಿ ಬಾಗುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಕೂರುವುದೇ ಇಲ್ಲ.

ಪಾರ್ಟ್ಸ್ ಗಾಡಿಯಿಂದ ಬೇಕಿರುವುದು ನೆಲದ ತಗಡು, ಸ್ಟೀರಿಂಗ್ ಪಕ್ಕದ ಗೇರ್ ಲಿವರ್‌ನ ರಾಡುಗಳು, ಗಾಜು, ಕ್ರೋಮ್ ಪಟ್ಟಿ. ಎಂಜಿನ್ ಮಾತ್ರ ನಮ್ಮ ಹಳೆಯ 1089 ಸಿಸಿಯದೇ ಇರಲಿ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಎಂಜಿನ್, ಬಾಡಿ ಮೂಲದಂತೆಯೇ ಇರಬೇಕು ಅಲ್ವಾ?

ಪಾರ್ಟ್ಸ್ ಗಾಡಿ ಬಿಚ್ಚಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆ ಓಡಾಟ ನನಗಿರಲಿ.

ಬರುವಾಗ ಜಿಪ್ ಕವರ್, ಮಾರ್ಕರ್ ಪೆನ್ನು ತನ್ನಿ; ಮುಂದೆ ಬಿಚ್ಚುವಾಗ ಸ್ಕ್ರೂಗಳನ್ನು ಬೇರೆ ಬೇರೆ ಹಾಕಿ ಹೆಸರು ಬರೆಯಲು ಬೇಕು. ಕಳೆದ ಸಲ ಡ್ಯಾಶ್‌ಬೋರ್ಡ್ ಸ್ಕ್ರೂಗಳನ್ನೆಲ್ಲ ಒಂದೇ ಟೀ ಲೋಟಕ್ಕೆ ಸುರಿದವರು ಯಾರೆಂದು ಕೇಳುವುದಿಲ್ಲ.